ಒಂದು ನೋಟ, ಹಲವು ಕೈ

ಮಡಕೆಯನ್ನು ಕುಂಬಾರನೊಬ್ಬನೇ ಮಾಡಬಲ್ಲನು. ಮಣ್ಣನ್ನು ಹದಗೊಳಿಸುವವನೂ ಅವನೇ, ತಿಗರಿಯನ್ನು ತಿರುಗಿಸುವವನೂ ಅವನೇ. ಆದರೆ ರೇಡಿಯೋ, ಗಡಿಯಾರ, ಕ್ಯಾಲ್ಕುಲೇಟರುಗಳು ಹಾಗಲ್ಲ. ಅವುಗಳ ಒಳಗಿನ ಯಂತ್ರವನ್ನು ಎಂಜಿನಿಯರು ರಚಿಸುತ್ತಾನೆ. ಹೊರಗಿನ ರೂಪವನ್ನು ವಿನ್ಯಾಸಕನು ನಿರ್ಧರಿಸುತ್ತಾನೆ. ತಯಾರಿಸುವವರು ಬೇರೆ, ಮಾರುವವರು ಬೇರೆ. ಇಷ್ಟು ಜನರ ಕೈಹಾದು ಬಂದ ವಸ್ತು ಒಂದೇ ಮನಸ್ಸಿನಿಂದ ಹುಟ್ಟಿದಂತೆ ತೋರಬೇಕಾದರೆ ಎಲ್ಲರನ್ನೂ ಒಂದೇ ಗುರಿಯತ್ತ ನಡೆಸುವ ಮುಂದಾಳು ಬೇಕು. ಅಂಥ ಮುಂದಾಳುಗಳಲ್ಲಿ ಜರ್ಮನಿಯ ಡೀಟರ್ ರಾಮ್ಸ್ ಅಗ್ರಗಣ್ಯರು.

ರಾಮ್ಸ್ 1932ರಲ್ಲಿ ವೀಸ್‌ಬಾಡೆನ್ ನಗರದಲ್ಲಿ ಜನಿಸಿದರು. ಅವರ ತಾತ ಬಡಗಿಯಾಗಿದ್ದರು. ಕೈಕೆಲಸದ ಅಚ್ಚುಕಟ್ಟುತನವನ್ನು ಬಾಲಕ ರಾಮ್ಸ್ ಅವರಲ್ಲಿ ಕಂಡರು. ಮುಂದೆ ವಾಸ್ತುಶಿಲ್ಪವನ್ನು ಅಭ್ಯಸಿಸಿ, 1955ರಲ್ಲಿ ಬ್ರೌನ್ ಎಂಬ ಸಂಸ್ಥೆಯನ್ನು ಸೇರಿದರು. ರೇಡಿಯೋಗಳನ್ನೂ ಗೃಹೋಪಯೋಗಿ ಯಂತ್ರಗಳನ್ನೂ ತಯಾರಿಸುತ್ತಿದ್ದ ಈ ಸಂಸ್ಥೆಯನ್ನು ಆಗ ಎರ್ವಿನ್ ಮತ್ತು ಆರ್ಟುರ್ ಎಂಬ ಸೋದರರು ನಡೆಸುತ್ತಿದ್ದರು. ಅಂದಿನ ರೇಡಿಯೋಗಳು ದೊಡ್ಡ ಮರದ ಪೆಟ್ಟಿಗೆಗಳಂತಿದ್ದು, ಅಲಂಕಾರದ ಭಾರವನ್ನು ಹೊತ್ತಿದ್ದವು. ಯುದ್ಧಾನಂತರದ ಹೊಸ ಬಾಳಿಗೆ ಸರಳವಾದ ಉಪಕರಣಗಳು ಬೇಕೆಂಬುದು ಆ ಸೋದರರ ಆಶಯವಾಗಿತ್ತು.

1956ರಲ್ಲಿ ಹಾನ್ಸ್ ಗುಗೆಲೋಟ್ ಎಂಬ ವಿನ್ಯಾಸಕರೂ ರಾಮ್ಸ್‌ರೂ ಕೂಡಿ, ರೇಡಿಯೋ ಮತ್ತು ಗ್ರಾಮಫೋನು ಎರಡೂ ಇರುವ ಒಂದು ಯಂತ್ರವನ್ನು ರೂಪಿಸಿದರು. ಅದಕ್ಕೆ ಮೊದಲು ಲೋಹದ ಮುಚ್ಚಳವನ್ನು ಯೋಚಿಸಲಾಗಿತ್ತು. ಆದರೆ ಸಂಗೀತದ ಧ್ವನಿ ಏರಿದಾಗ ಆ ಮುಚ್ಚಳವು ಕಂಪಿಸಿ ಸದ್ದುಮಾಡತೊಡಗಿತು. ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಬಳಸಬಹುದೆಂದು ರಾಮ್ಸ್ ಸೂಚಿಸಿದರು. ಸದ್ದು ಅಡಗಿತು, ಒಳಗಿನ ಭಾಗಗಳೂ ಕಣ್ಣಿಗೆ ಕಾಣತೊಡಗಿದವು. ಕಥೆಯ ಸ್ನೋ ವೈಟ್ ರಾಜಕುಮಾರಿಯನ್ನಿರಿಸಿದ ಗಾಜಿನ ಶವಪೆಟ್ಟಿಗೆ ಇದೆಂದು ಜನರು ಅದನ್ನು ಅಡ್ಡಹೆಸರಿನಿಂದ ಕರೆದರು. ಆದರೆ ಕಾಲಕ್ರಮದಲ್ಲಿ ಇತರ ತಯಾರಕರೂ ಪಾರದರ್ಶಕ ಮುಚ್ಚಳವನ್ನೇ ಅನುಸರಿಸಿದರು!

1961ರಲ್ಲಿ ರಾಮ್ಸ್ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. 1995ರವರೆಗೂ ಆ ಹೊಣೆಯನ್ನು ಹೊತ್ತರು. ಸಂಸ್ಥೆಯ ಎಲ್ಲ ವಸ್ತುಗಳನ್ನೂ ಅವರೊಬ್ಬರೇ ರಚಿಸಲಿಲ್ಲ. ರೊಟ್ಟಿ ಕಾಯಿಸುವ ಯಂತ್ರವನ್ನು ರೈನ್‌ಹೋಲ್ಡ್ ವೈಸ್ ರೂಪಿಸಿದರು. ಕಾಫಿಯಂತ್ರವನ್ನು ಫ್ಲೋರಿಯಾನ್ ಸೈಫರ್ಟ್ ರಚಿಸಿದರು. 1987ರ ಪ್ರಸಿದ್ಧ ಕ್ಯಾಲ್ಕುಲೇಟರು ರಾಮ್ಸ್ ಮತ್ತು ಡೀಟ್ರಿಕ್ ಲೂಬ್ಸ್ ಇಬ್ಬರ ಕೃತಿ. ಅದರ ಗುಂಡಿಗಳು ದುಂಡಗೆ ಉಬ್ಬಿವೆ. ಉತ್ತರವನ್ನು ತೋರಿಸುವ ಸಮಚಿಹ್ನೆಯ ಗುಂಡಿ ಹಳದಿ. ಬಣ್ಣವು ಅಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ, ಬೆರಳಿಗೆ ದಾರಿತೋರಲು ಬಂದುದು. ಕೈ ಬೇರೆಯಾದರೂ ಈ ವಸ್ತುಗಳು ಒಂದೇ ಮನೆತನದವುಗಳಂತೆ ಕಾಣುತ್ತವೆ. ಮುಂದಾಳಿನ ಸಾಮರ್ಥ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಒಳ್ಳೆಯ ವಿನ್ಯಾಸ ಯಾವುದು ಎಂಬ ಪ್ರಶ್ನೆಯನ್ನು ರಾಮ್ಸ್ ತಮಗೆ ತಾವೇ ಹಾಕಿಕೊಂಡು ಹತ್ತು ತತ್ತ್ವಗಳನ್ನು ನಿರೂಪಿಸಿದರು. ವಸ್ತುವು ಉಪಯುಕ್ತವಾಗಿರಬೇಕು, ತನ್ನಲ್ಲಿಲ್ಲದ ಗುಣವನ್ನು ಇದೆಯೆಂದು ನಟಿಸಬಾರದು, ಬಹುಕಾಲ ಬಾಳಬೇಕು, ಪ್ರಕೃತಿಗೆ ಹಾನಿ ತರಬಾರದು ಎಂಬುವು ಅವುಗಳಲ್ಲಿ ಕೆಲವು. ಇಂಥ ತತ್ತ್ವಗಳಿದ್ದರೆ ತಂಡದಲ್ಲಿ ಅಭಿಪ್ರಾಯಭೇದ ಬಂದಾಗ ಗೆಲ್ಲುವುದು ಅಧಿಕಾರಿಯ ಮಾತಲ್ಲ, ಎಲ್ಲರೂ ಒಪ್ಪಿದ ಅಳತೆಗೋಲು. ಆಪಲ್ ಸಂಸ್ಥೆಯ ವಿನ್ಯಾಸ ತಂಡವನ್ನು ನಡೆಸಿದ ಜೋನಾಥನ್ ಐವ್ ಅವರೂ ರಾಮ್ಸ್‌ರನ್ನು ಗೌರವದಿಂದ ನೆನೆದಿದ್ದಾರೆ.

ಆದರೆ ಮುಪ್ಪಿನಲ್ಲಿ ರಾಮ್ಸ್‌ರನ್ನು ಒಂದು ಚಿಂತೆ ಕಾಡಿತು. ಲೋಕದಲ್ಲಿ ಬೇಡದ ವಸ್ತುಗಳು ಮಿತಿಮೀರಿವೆ. ಮತ್ತೊಮ್ಮೆ ಬಾಳು ದೊರೆತರೆ ತಾವು ವಿನ್ಯಾಸಕರಾಗಲಾರೆವೆಂದು ಅವರು ಹೇಳಿದರು. ನೂರಾರು ವಸ್ತುಗಳ ಹುಟ್ಟಿಗೆ ಕಾರಣರಾದವರ ಬಾಯಿಂದ ಬಂದ ಈ ಮಾತು ಎಲ್ಲರನ್ನೂ ಯೋಚಿಸುವಂತೆ ಮಾಡುತ್ತದೆ. ಹೊಸದನ್ನು ರಚಿಸಲು ಜಾಣ್ಮೆ ಸಾಕು. ಬೇಡವಾದುದನ್ನು ಬಿಡಲು ವಿವೇಕ ಬೇಕು. ತನ್ನವರಲ್ಲಿ ಆ ವಿವೇಕವನ್ನು ಬೆಳೆಸುವವನೇ ನಿಜವಾದ ಮುಂದಾಳು.