ಗ್ಲೋ ಸ್ಟಿಕ್‌ನ ಬೆಳಕಿನಿಂದ ಕ್ರಿಯಾವೇಗದ ಪಾಠ

ಹತ್ತನೆಯ ತರಗತಿಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಘಟಕ ಮುಗಿದ ಮೇಲೆ, ಬೋಧನಾಭ್ಯಾಸದ ಅವಧಿಯಲ್ಲಿ ನಾನು ಈ ಪಾಠ ಮಾಡಿದೆ. ಸಮೀಕರಣ ಸರಿದೂಗಿಸುವುದು ಮಕ್ಕಳಿಗೆ ಬರುತ್ತಿತ್ತು. ಕ್ರಿಯೆಗೆ ವೇಗವೆಂಬುದೊಂದಿದೆ, ಸನ್ನಿವೇಶ ಬದಲಾದರೆ ಅದೂ ಬದಲಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸುವುದು ನನ್ನ ಉದ್ದೇಶವಾಗಿತ್ತು.

ಮೊದಲು ಕಡ್ಡಿಯ ರಚನೆಯನ್ನು ಹಲಗೆಯ ಮೇಲೆ ಬರೆದೆ. ಹೊರಗಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಆಕ್ಸಲೇಟ್ ಎಸ್ಟರ್ ಮತ್ತು ಬಣ್ಣದ ದ್ರಾವಣ. ಒಳಗಿನ ತೆಳು ಗಾಜಿನ ಕೊಳವೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಬಾಗಿಸಿದಾಗ ಗಾಜು ಒಡೆದು ಎರಡೂ ಬೆರೆಯುತ್ತವೆ. ಕ್ರಿಯೆಯಲ್ಲಿ ಬಿಡುಗಡೆಯಾದ ಶಕ್ತಿಯನ್ನು ಬಣ್ಣದ ಅಣುಗಳು ಪಡೆದು ಬೆಳಕಾಗಿ ಹೊರಸೂಸುತ್ತವೆ.

ಒಂದೇ ಪೊಟ್ಟಣದ, ಒಂದೇ ಬಣ್ಣದ ಮೂರು ಕಡ್ಡಿಗಳನ್ನು ಏಕಕಾಲಕ್ಕೆ ಬಾಗಿಸಿ ಮಂಜುಗಡ್ಡೆಯ ನೀರು, ನಲ್ಲಿ ನೀರು ಮತ್ತು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಬೀಕರ್‌ಗಳಲ್ಲಿ ಇಡಿಸಿದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದೆವು. ನೋಡುವ ಮೊದಲೇ ಊಹೆಯನ್ನು ಬರೆಯಿಸಿದೆ. ಬಿಸಿನೀರಿನದೇ ಹೆಚ್ಚು ಪ್ರಕಾಶಮಾನ, ಅದೇ ಹೆಚ್ಚು ಹೊತ್ತು ಬೆಳಗುತ್ತದೆ ಎಂದು ಬಹುತೇಕರು ಬರೆದರು.

ಊಹೆಯ ಮೊದಲರ್ಧ ಕೂಡಲೇ ನಿಜವಾಯಿತು. ಬಿಸಿನೀರನ್ನು ಆಗಾಗ ಬದಲಿಸುತ್ತ, ಮಂಜುಗಡ್ಡೆ ಸೇರಿಸುತ್ತ ಶಾಲೆ ಬಿಡುವವರೆಗೆ ಕಾದೆವು. ಆಗ ಮೂರನ್ನೂ ಹೊರತೆಗೆದು ಕೋಣೆಯ ಉಷ್ಣತೆಗೆ ಬರಲು ಬಿಟ್ಟರೆ, ತಣ್ಣಗಿದ್ದ ಕಡ್ಡಿಯೇ ಎಲ್ಲಕ್ಕಿಂತ ಚೆನ್ನಾಗಿ ಬೆಳಗಿತು. ಒಬ್ಬ ಹುಡುಗಿ ಕಾರಣ ಹೇಳಿದಳು: “ಬತ್ತಿ ದಪ್ಪ ಮಾಡಿದ್ರೆ ದೀಪ ಜೋರಾಗಿ ಉರಿಯುತ್ತೆ ಸಾರ್, ಆದ್ರೆ ಎಣ್ಣೆ ಬೇಗ ಮುಗಿಯುತ್ತೆ.” ನಾನು ಸಿದ್ಧಪಡಿಸಿದ್ದ ವಿವರಣೆಗಿಂತ ಇದು ಸರಳವಾಗಿತ್ತು. ಹೋಲಿಕೆಯ ಮಿತಿಯನ್ನೂ ಹೇಳಿದೆ: ದೀಪದ ಬೆಳಕು ಉರಿಯ ಬಿಸಿಯಿಂದ ಬಂದದ್ದು, ಕಡ್ಡಿಯ ಬೆಳಕು ಹಾಗಲ್ಲ.

“ಫ್ರಿಜ್‌ನಲ್ಲಿಟ್ರೆ ಮತ್ತೆ ಹೊಸದಾಗುತ್ತಾ?” ಎಂದು ಇನ್ನೊಬ್ಬ ಕೇಳಿದ. ಉತ್ತರವನ್ನು ತರಗತಿಯೇ ಕೊಟ್ಟಿತು: ಉಳಿದದ್ದು ನಿಧಾನವಾಗಿ ಖರ್ಚಾಗುತ್ತದೆ, ಖರ್ಚಾದದ್ದು ಮರಳಿ ಬರುವುದಿಲ್ಲ.

ಆಮ್ಲ, ಪ್ರತ್ಯಾಮ್ಲಗಳ ಪ್ರಭಾವ ಹೇಳುವಾಗ ಮಾತ್ರ ಕಡ್ಡಿಯನ್ನು ಕತ್ತರಿಸಲಿಲ್ಲ. ಒಳಗೆ ಗಾಜಿನ ಚೂರುಗಳಿರುತ್ತವೆ, ದ್ರಾವಣ ಕಣ್ಣು, ಚರ್ಮಕ್ಕೆ ಉರಿ ತರುತ್ತದೆ. ಅದಕ್ಕಾಗಿ ಹಲಗೆಯನ್ನು ‘ನಾವು ನೋಡಿದ್ದು’, ‘ಓದಿ ತಿಳಿದದ್ದು’ ಎಂದು ಎರಡು ಭಾಗ ಮಾಡಿದೆ. ಎರಡನೆಯ ಭಾಗದಲ್ಲಿ ಹೀಗೆ ಬರೆದೆ: ಸೋಡಿಯಂ ಸ್ಯಾಲಿಸಿಲೇಟ್‌ನಂಥ ದುರ್ಬಲ ಪ್ರತ್ಯಾಮ್ಲ ಕ್ರಿಯಾವರ್ಧಕವಾಗಿ ಬೆಳಕನ್ನು ಹೆಚ್ಚಿಸುತ್ತದೆ, ಅದು ಹೆಚ್ಚಾದಂತೆ ಬಾಳಿಕೆ ಕಡಿಮೆ. ಆಮ್ಲ ಸೇರಿದರೆ ಬೆಳಕು ಮಂಕಾಗುತ್ತದೆ. ಬಣ್ಣ ಬದಲಿಸಿದರೆ ಬೆಳಕಿನ ಬಣ್ಣ ಬದಲಾಗುತ್ತದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ರಾತ್ರಿಯಿಡೀ ಬೆಳಕು ಬೇಕಾದವರಿಗೆ ಮತ್ತು ಐದು ನಿಮಿಷ ಪ್ರಖರ ಬೆಳಕು ಬೇಕಾದವರಿಗೆ ಎಂಥ ಕಡ್ಡಿ ತಯಾರಿಸುವಿರಿ?’ ಉತ್ತರಗಳಲ್ಲಿ ‘ಒಳ್ಳೆಯ ಕಡ್ಡಿ’ ಎಂಬ ಮಾತು ಹೋಗಿ, ‘ವೇಗದ ಕ್ರಿಯೆ’, ‘ನಿಧಾನ ಕ್ರಿಯೆ’ ಎಂಬ ಮಾತುಗಳು ಬಂದಿದ್ದವು. ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಪ್ರಯೋಗವನ್ನು ಬೆಳಗಿನ ಮೊದಲ ಅವಧಿಯಲ್ಲೇ ಆರಂಭಿಸಿ. ಸಂಜೆಯ ನೋಟವಿಲ್ಲದಿದ್ದರೆ ಪಾಠ ಅರ್ಧವೇ.