ಗೂಡ್ಸ್ ಗಾಡಿಯ ನಂಬರು

ದುರ್ಗದಬೈಲ್ ಹುಬ್ಬಳ್ಳಿಯ ದೊಡ್ಡ ಪೇಟೆ. ಅಲ್ಲಿ ಒಬ್ಬ ತಾಯಿ ಬಳೆ ಮಾರುತ್ತಾಳೆ. ರಾತ್ರಿ ಅಕ್ಷರ ಕಲಿಯಲು ಹೋಗುತ್ತಾಳೆ. ಅವಳಿಗೆ ಒಬ್ಬನೇ ಮಗ. ಅವನು ಕಾಲೇಜು ಓದುತ್ತಾನೆ.

ಒಂದು ಭಾನುವಾರ ಮಗ ತಡವಾಗಿ ಮನೆಗೆ ಬಂದ. ಅಂಗಿ ತುಂಬ ಧೂಳು.

“ಎಲ್ಲಿ ಹೋಗಿದ್ದಿಯೋ ತಮ್ಮಾ?”

“ಗೂಡ್ಸ್ ಗಾಡಿ ಫೋಟೋ ತೆಗೀಲಿಕ್ಕೆ ಹೋಗಿದ್ದೆ ಯವ್ವಾ.”

“ಗೂಡ್ಸ್ ಗಾಡೀದು ಎಂಥಾ ಫೋಟೋ? ಏನೈತಿ ಅದರಾಗ?”

ಮಗ ಮೊಬೈಲಿನಲ್ಲಿ ಫೋಟೋ ತೋರಿಸಿದ.

“ಇದು ಕಲ್ಲಿದ್ದಲು ಗಾಡಿ. ಗೋವಾದ ಮುರಗಾಂವ ಬಂದರಿನಾಗ ಹಡಗಿನಿಂದ ಕಲ್ಲಿದ್ದಲು ಇಳಿಸ್ತಾರ. ಗಾಡಿ ಘಟ್ಟ ಹತ್ತಿ ಲೋಂಡಾ, ಧಾರವಾಡದ ಮ್ಯಾಲೆ ಈ ಕಡೆ ಬರತೈತಿ. ಮುಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗತೈತಿ.”

“ಡಬ್ಬಿ ಎಷ್ಟು ಇರತಾವು?”

“ಇಂಥಾ ಗಾಡಿಗೆ 58 ಡಬ್ಬಿ. ಗಾಡಿ ಅರ್ಧ ಕಿಲೋಮೀಟರಿಗಿಂತ ಉದ್ದ.”

ತಾಯಿ ಫೋಟೋ ಹತ್ತಿರ ಹಿಡಿದಳು. ಡಬ್ಬಿಯ ಮೇಲೆ ಬಿಳಿ ಅಂಕಿಗಳಿದ್ದವು. ಒಂದೊಂದಾಗಿ ಎಣಿಸಿದಳು. ಹನ್ನೊಂದು ಅಂಕಿ.

ಮಗ ಹೇಳಿದ: “ಮೊದಲಿನ ಎರಡು ಅಂಕಿ ಡಬ್ಬಿ ಯಾವ ನಮೂನಿ ಅಂತ ಹೇಳತಾವು. ಮುಂದಿನ ಎರಡು, ಯಾವ ರೈಲ್ವೆದು ಅಂತ. ಐದನೇದು, ಆರನೇದು ಡಬ್ಬಿ ತಯಾರಾದ ವರ್ಷ.”

ತಾಯಿ ಬೆರಳಿಟ್ಟು ಓದಿದಳು. “ಸೊನ್ನೆ, ಏಳು. 2007! ನೀ ಹುಟ್ಟಿದ ವರ್ಷದ ಡಬ್ಬಿ ಐತಲ್ಲೋ!”

ಇಬ್ಬರೂ ನಕ್ಕರು. ತಾಯಿ ಮತ್ತೆ ಫೋಟೋ ನೋಡಿದಳು. ಅವಳ ನಗು ನಿಂತಿತು.

“ಅಂಕಿ ಇಷ್ಟು ದೊಡ್ಡವು ಹೆಂಗ ಬಂದಾವು? ನೀ ಎಲ್ಲಿ ನಿಂತಿದ್ದಿ?”

ಮಗ ತಲೆ ತಗ್ಗಿಸಿದ. ಅವನು ಎರಡು ಹಳಿಗಳ ನಡುವೆ ನಿಂತಿದ್ದ.

ತಾಯಿ ಬೈಯಲಿಲ್ಲ. ಮುಂದಿನ ಭಾನುವಾರ ಮಗನ ಜೊತೆ ತಾನೂ ಸ್ಟೇಷನ್ನಿಗೆ ಹೋದಳು. ಅಲ್ಲಿ ಒಂದು ಫಲಕ ಇತ್ತು. ನಿಧಾನವಾಗಿ, ಗಟ್ಟಿಯಾಗಿ ಓದಿದಳು.

“ಹಳಿ ದಾಟಬೇಡಿ. ಮೇಲ್ಸೇತುವೆ ಬಳಸಿ.”

“ನಾ ಈಗ ಕಲಿತು ಓದಿದೆ. ನೀ ಕಾಲೇಜು ಓದಾಂವ. ನಿನಗ ಇದು ಕಾಣಲಿಲ್ಲೇನು?”

ಮಗ ಅಂದ: “ತಪ್ಪಾತು ಯವ್ವಾ. ಇನ್ನ ಹಳಿಗೆ ಇಳಿಯೂದಿಲ್ಲ.”

ಇಬ್ಬರೂ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡರು. ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರ್ ಉದ್ದ ಇದೆ. 2023ರಲ್ಲಿ ಅದರ ಉದ್ಘಾಟನೆ ಆಯಿತು. ಅಲ್ಲಿ ಅಂಚಿನಿಂದ ದೂರ ನಿಂತು ಮಗ ಫೋಟೋ ತೆಗೆದ. ತಾಯಿ ಡಬ್ಬಿ ಎಣಿಸಿದಳು.

ಗಾಡಿಯ ಫೋಟೋ ತೆಗೆಯುವುದು ಒಳ್ಳೆಯ ಹವ್ಯಾಸ. ದಿನ, ಊರು, ನಂಬರು ಬರೆದಿಟ್ಟರೆ ಅದು ಊರಿನ ನೆನಪು. ಹಿಂದೆ ಹುಬ್ಬಳ್ಳಿಯಲ್ಲಿ ಸಣ್ಣ ಅಗಲದ ಹಳಿ ಇತ್ತು. ಅದಕ್ಕೆ ಮೀಟರ್ ಗೇಜ್ ಎನ್ನುತ್ತಾರೆ. 1990ರ ದಶಕದಲ್ಲಿ ಅಗಲದ ಹಳಿ ಬಂತು. ಹಳೆಯ ಗಾಡಿಗಳು ಹೋದವು. ಅವನ್ನು ಈಗ ಫೋಟೋದಲ್ಲಿ ನೋಡಬೇಕು. 2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ಆಗಿದೆ.

ಆದರೆ ಫೋಟೋಕ್ಕಿಂತ ಜೀವ ದೊಡ್ಡದು.

ನೆನಪಿಡಿ:
1. ಹಳಿಯ ಮೇಲೆ ನಿಲ್ಲಬಾರದು. ಅದು ಕಾಯ್ದೆ ಪ್ರಕಾರ ಅಪರಾಧ.
2. ತುಂಬಿದ ಗೂಡ್ಸ್ ಗಾಡಿ ಬ್ರೇಕ್ ಹಾಕಿದ ಕೂಡಲೇ ನಿಲ್ಲುವುದಿಲ್ಲ.
3. ನಿಂತ ಗಾಡಿಯ ಕೆಳಗೆ ನುಸುಳಬಾರದು. ಅದು ಯಾವಾಗಲಾದರೂ ಹೊರಡಬಹುದು.
4. ಡಬ್ಬಿಯ ಮೇಲೆ ಹತ್ತಬಾರದು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ. ಮುಟ್ಟದೆ ಹತ್ತಿರ ಹೋದರೂ ಶಾಕ್ ಹೊಡೆಯುತ್ತದೆ.

ಉತ್ತರ ಹೇಳಿರಿ:
1. ಕಲ್ಲಿದ್ದಲು ಗಾಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?
2. ಮಗ ಎಲ್ಲಿ ನಿಂತಿದ್ದ ಎಂದು ತಾಯಿಗೆ ಹೇಗೆ ತಿಳಿಯಿತು?
3. ನಿಮ್ಮ ಊರಿನಲ್ಲಿ ನೀವು ಓದಿದ ಒಂದು ಫಲಕದ ಮಾತು ಬರೆಯಿರಿ.