ಪಂಪ್‌ಸೆಟ್ಟಿನ ಸಂಕೇತ ತಂತಿಗಳಲ್ಲಿ ವಿದ್ಯುತ್ ಗದ್ದಲ ಮತ್ತು ಅದರ ನಿವಾರಣೆ

ಕರಾವಳಿಯ ಅಡಿಕೆ ತೋಟಗಳಿಗೆ ಮಾರ್ಚಿಯಿಂದ ಮೇ ತಿಂಗಳವರೆಗೆ 3ರಿಂದ 5 ದಿನಗಳಿಗೊಮ್ಮೆ, ಮರವೊಂದಕ್ಕೆ ಸುಮಾರು 175 ಲೀಟರಿನಂತೆ ನೀರುಣಿಸಬೇಕಾಗುತ್ತದೆ. ಈ ದಿನಗಳಲ್ಲಿ ಪಂಪು ಕಾರಣವಿಲ್ಲದೆ ನಿಂತರೆ ಬೆಳೆಗೆ ನಷ್ಟ. ಬತ್ತಿದ ಬಾವಿಯಲ್ಲಿ ನಿಲ್ಲದೆ ಓಡಿದರೆ ಮೋಟಾರಿಗೇ ನಷ್ಟ. ಇವೆರಡನ್ನೂ ತಪ್ಪಿಸಲು ಅನೇಕ ರೈತರು ನೀರಿನ ಮಟ್ಟ ತಿಳಿಸುವ ಸೆನ್ಸರನ್ನೂ ಸ್ವಯಂಚಾಲಿತ ಸ್ಟಾರ್ಟರನ್ನೂ ಅಳವಡಿಸಿಕೊಂಡಿದ್ದಾರೆ. ಆದರೆ ಬಾವಿಯಲ್ಲಿ ನೀರಿದ್ದರೂ ಪಂಪು ನಿಲ್ಲುವುದು, ಮಟ್ಟದ ಅಂಕಿ ಮೇಲೆ ಕೆಳಗೆ ಜಿಗಿಯುವುದು ಕೆಲವೆಡೆ ಕಂಡುಬರುತ್ತದೆ. ಸೆನ್ಸರು ಕೆಟ್ಟಿತೆಂದು ಬದಲಿಸಿದರೆ ಹೊಸದೂ ಹಾಗೆಯೇ ವರ್ತಿಸುತ್ತದೆ. ಇಂಥಲ್ಲಿ ದೋಷ ಸೆನ್ಸರಿನದಲ್ಲ, ತಂತಿ ಎಳೆದ ರೀತಿಯದು.

ಗದ್ದಲ ಹುಟ್ಟುವ ಬಗೆ

ತಂತಿಯಲ್ಲಿ ವಿದ್ಯುತ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಉಂಟಾಗುತ್ತದೆ. ಈ ಕ್ಷೇತ್ರ ಬದಲಾಗುತ್ತಿದ್ದರೆ ಪಕ್ಕದ ತಂತಿಯಲ್ಲಿಯೂ ವಿದ್ಯುತ್ ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ. ನೇರವಾಗಿ ಚಾಲೂ ಮಾಡುವ ಕ್ಷಣದಲ್ಲಿ ಅದರ 5ರಿಂದ 7 ಪಟ್ಟು. ಸೆನ್ಸರಿನ ಸಂಕೇತವಾದರೋ 4ರಿಂದ 20 ಮಿಲಿ ಆಂಪಿಯರ್ ಮಾತ್ರ. ಸಂತೆಯ ಗಲಾಟೆಯಲ್ಲಿ ಪಿಸುಮಾತು ಕೇಳಿಸದಂತೆ ಸಂಕೇತವು ಈ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಮಂಗಳೂರಿನ ಮಣ್ಣಗುಡ್ಡದಂಥ ಬಡಾವಣೆಯ ಮನೆಗಳಲ್ಲಿ ಅಂಗಳದ ಬಾವಿಗೂ ಸ್ಟಾರ್ಟರಿಗೂ ಅಂತರ ಕೆಲವೇ ಮೀಟರು. ಆದ್ದರಿಂದ ತೊಂದರೆ ಕಡಿಮೆ. ಪುತ್ತೂರು, ಬಂಟ್ವಾಳದ ಕಡೆ ಸ್ಟಾರ್ಟರು ಮನೆಯ ಬಳಿ, ಬಾವಿ ತೋಟದ ತಗ್ಗಿನಲ್ಲಿ ಇರುವುದುಂಟು. ಮೋಟಾರಿನ ಕೇಬಲ್ಲೂ ಸೆನ್ಸರಿನ ತಂತಿಯೂ ಒಂದೇ ಪೈಪಿನಲ್ಲಿ ನೂರಾರು ಮೀಟರು ಜೊತೆಯಾಗಿ ಸಾಗಿದರೆ ಗದ್ದಲವೂ ಅಷ್ಟೇ ಬೆಳೆಯುತ್ತದೆ.

ವೇಗ ನಿಯಂತ್ರಿಸುವ ಡ್ರೈವು ಇದ್ದಲ್ಲಿ ಗಿಡ್ಡ ತಂತಿಗೂ ತೊಂದರೆ ತಪ್ಪದು. ಲೈನಿನ ವಿದ್ಯುತ್ ಸೆಕೆಂಡಿಗೆ 50 ಆವರ್ತದ್ದು. ಡ್ರೈವು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತದೆ. ಕಾರ್ಖಾನೆಗಳಲ್ಲಿದ್ದ ಈ ಉಪಕರಣ ಈಗ ಸೌರ ಪಂಪುಗಳ ಮೂಲಕ ತೋಟಕ್ಕೂ ಬಂದಿದೆ.

ಮೊದಲು ಪರೀಕ್ಷೆ

ಮೋಟಾರು ನಿಂತಿರುವಾಗ ಅಂಕಿ ಸ್ಥಿರವಾಗಿದ್ದು, ಓಡುವಾಗ ಮಾತ್ರ ಜಿಗಿದರೆ ಅದು ಗದ್ದಲವೆಂದು ತಿಳಿಯಬಹುದು. ನಿಂತಾಗಲೂ ಜಿಗಿದರೆ ಸಡಿಲ ಜೋಡಣೆ ಅಥವಾ ಜೋಡಣೆಗೆ ನೀರು ಸೇರಿದೆಯೇ ನೋಡಬೇಕು. ಗದ್ದಲವೆಂದು ಕಂಡರೆ ಮೇನ್ ಸ್ವಿಚ್ ತೆಗೆದು, ಸೆನ್ಸರಿನ ತಂತಿಯನ್ನು ತಾತ್ಕಾಲಿಕವಾಗಿ ಬೇರೆ ದಾರಿಯಲ್ಲಿ ನೆಲದ ಮೇಲೆ ಹಾಸಿ ಮತ್ತೆ ಓಡಿಸಿ. ಅಂಕಿ ನಿಂತರೆ ತಂತಿಯ ದಾರಿಯೇ ಕಾರಣ.

ನಿವಾರಣೆಯ ಕ್ರಮಗಳು

1. ಅಂತರ: ಎರಡು ತಂತಿಗಳಿಗೂ ಪ್ರತ್ಯೇಕ ಪೈಪು ಹಾಕಿ, ಕನಿಷ್ಠ 30 ಸೆಂ.ಮೀ. ಅಂತರವಿರಲಿ. ದೂರ ಹೆಚ್ಚಿದಂತೆ ಅಂತರವನ್ನೂ ಹೆಚ್ಚಿಸಬೇಕು. ದಾಟಲೇಬೇಕಾದಲ್ಲಿ ಅಡ್ಡಲಾಗಿ, ನೇರ ಕೋನದಲ್ಲಿ ದಾಟಿಸಿ. ಪಿ.ವಿ.ಸಿ. ಪೈಪು ಗದ್ದಲವನ್ನು ತಡೆಯುವುದಿಲ್ಲ.

2. ತಿರುಚಿದ ಜೋಡಿ: ಹೋಗುವ, ಬರುವ ಎರಡು ತಂತಿಗಳನ್ನು ಹೊಸೆದಿದ್ದರೆ ಒಂದು ಸುತ್ತಿನಲ್ಲಿ ಹುಟ್ಟಿದ ಗದ್ದಲವನ್ನು ಮುಂದಿನ ಸುತ್ತು ಅಳಿಸುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ತಂತಿ ಉಳಿಸಲೆಂದು ನೆಲವನ್ನೇ ಹಿಂದಿರುಗುವ ದಾರಿಯಾಗಿ ಬಳಸಬಾರದು.

3. ಲೋಹದ ಕವಚ: ಕವಚವುಳ್ಳ ಸೆನ್ಸರ್ ಕೇಬಲ್ಲಿನ ಕವಚವನ್ನು ನಿಯಂತ್ರಕದ ಕಡೆ ಮಾತ್ರ ಅರ್ಥಿಗೆ ಜೋಡಿಸಿ, ಬಾವಿಯ ಕಡೆ ಕತ್ತರಿಸಿ ಟೇಪು ಸುತ್ತಿ. ಎರಡೂ ಕಡೆ ಜೋಡಿಸಿದರೆ ಎರಡು ಅರ್ಥುಗಳ ನಡುವಿನ ವಿದ್ಯುತ್ ಕವಚದಲ್ಲೇ ಹರಿಯಬಹುದು. ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ಲಿಗೆ ಕವಚವಿದ್ದರೆ ಅದನ್ನು ಎರಡೂ ತುದಿಗಳಲ್ಲಿ ಜೋಡಿಸಬೇಕು.

4. ಕಾಂಟ್ಯಾಕ್ಟರು: ಅದರ ಸುರುಳಿ ಕಡಿಯುವಾಗ ಏಳುವ ವಿದ್ಯುತ್ ಹೊಡೆತವನ್ನು ತಗ್ಗಿಸಲು ಸುರುಳಿಗೆ ಅಡ್ಡಲಾಗಿ ರೆಸಿಸ್ಟರ್ ಮತ್ತು ಕೆಪಾಸಿಟರ್ ಇರುವ ಚಿಕ್ಕ ಘಟಕವನ್ನು ವಯರ್‌ಮನ್‌ರಿಂದ ಹಾಕಿಸಿ.

5. ಸಂಕೇತದ ಆಯ್ಕೆ: ದೂರದ ಬಾವಿಗೆ ವೋಲ್ಟಿನ ಸಂಕೇತಕ್ಕಿಂತ 4-20 ಮಿಲಿ ಆಂಪಿಯರಿನದು ಲೇಸು. ತಂತಿ ತುಂಡಾದರೆ ಅಂಕಿ ಸೊನ್ನೆಗಿಳಿದು ದೋಷ ಕೂಡಲೇ ತಿಳಿಯುತ್ತದೆ.

ಎಚ್ಚರಿಕೆ

ಅರ್ಥ್ ತಂತಿ ಬಿಚ್ಚಿದಾಗ ಗದ್ದಲ ನಿಂತಂತೆ ಕಾಣುವುದುಂಟು. ಆದರೆ ಮೋಟಾರಿನ, ಸ್ಟಾರ್ಟರಿನ ಅರ್ಥನ್ನು ಎಂದಿಗೂ ಬಿಚ್ಚಬಾರದು. ಒದ್ದೆ ತೋಟದಲ್ಲಿ ಬರಿಗಾಲಿನಲ್ಲಿ ನಿಂತು ಸ್ಟಾರ್ಟರು ಮುಟ್ಟುವವರ ಪ್ರಾಣ ಅದರ ಮೇಲೆ ನಿಂತಿದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ದುರ್ಬಲವಾಗುವುದರಿಂದ ಅದರ ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಹಾಗೆಯೇ, ತೊಂದರೆ ಕೊಡುತ್ತದೆಂದು ಸೆನ್ಸರನ್ನು ತಪ್ಪಿಸಿ ಪಂಪನ್ನು ನೇರವಾಗಿ ಓಡಿಸುವುದೂ ಸಲ್ಲದು. ನೀರಿಲ್ಲದೆ ಓಡಿದ ಮೋಟಾರು ಸುಟ್ಟರೆ ಪಂಪನ್ನು ಮೇಲೆತ್ತಿ ವೈಂಡಿಂಗ್ ಮಾಡಿಸಿ ಇಳಿಸುವಷ್ಟರಲ್ಲಿ ನೀರಿನ ಸರದಿಗಳೇ ತಪ್ಪಿಹೋಗುತ್ತವೆ.

ಹೊಸ ಪೈಪಿಗೆ ಚರಂಡಿ ತೋಡುವಾಗಲೇ ಸಂಕೇತ ತಂತಿಗೆ ಬೇರೆ ದಾರಿ ಬಿಟ್ಟುಕೊಂಡರೆ ಹೆಚ್ಚಿನ ಖರ್ಚಿಲ್ಲದೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. ಈಗಾಗಲೇ ತೊಂದರೆ ಇರುವವರು ಮೇಲಿನ ಪರೀಕ್ಷೆಯನ್ನು ಬೇಸಿಗೆಗೆ ಮುನ್ನವೇ ಮಾಡಿಕೊಳ್ಳುವುದು ಒಳಿತು.